ಅಸಲಿಗೆ ಜಮಾ

ಫೆಬ್ರವರಿ 9, ಭಾನುವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಮುಂಗೋಪಿಯ ನಮಸ್ಕಾರಗಳು. ನಿಮ್ಮ ಎರಡು ಪತ್ರಗಳು ಬಂದು ಮೇಜಿನ ಮೇಲೆ ಕೂತಿವೆ. ನಾನು ಆ ಕಡೆ ಹಾದುಹೋದಾಗಲೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತವೆ. ಹೆಬ್ಬೆರಳಿನ ಮೇಲೆ ಬಿಸಿ ಮೇಣ ಬಿದ್ದು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ ಎನ್ನುವುದು ತಡವಾಗಿದ್ದಕ್ಕೆ ನಾನು ಹೇಳಿಕೊಳ್ಳುವ ಕಾರಣ. ಹೇಗೆ ಬರೆಯಬೇಕೆಂದು ತಿಳಿಯುತ್ತಿರಲಿಲ್ಲ ಎನ್ನುವುದು ನಿಜವಾದ ಕಾರಣ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಎಡಗಿವಿ ಮುಷ್ಕರ ಹೂಡಿದೆ, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ನಾನು ಕಿರುಚಿ ಹೇಳಿದರೆ ನಿಮಗಿಂತ ಮೊದಲು ಇಲ್ಲಿ ಪಕ್ಕದ ಕೋಣೆಯಲ್ಲಿರುವ ನಿಮ್ಮ ಅಮ್ಮನಿಗೆ ಕೇಳಿಸುತ್ತದೆ. ಈ ಪತ್ರದಲ್ಲಿ ಅವರ ಕಿವಿಗೆ ಬೀಳಬಾರದ ಒಂದು ಮಾತಿದೆ.

ಮೊದಲು ಸುದ್ದಿ ಹೇಳಿ ಮುಗಿಸುತ್ತೇನೆ. ಅತ್ತೆ ಚೆನ್ನಾಗಿದ್ದಾರೆ. ಅವರಿಗೆ ಹೊಸ ಹಲ್ಲಿನ ಸೆಟ್ಟು ನಾನೇ ಮಾಡಿಕೊಟ್ಟೆ. ಒಂದು ದಿನ ಹಾಕಿಕೊಂಡು ವಾಪಸ್ ತಂದಿಟ್ಟರು. "ಇಷ್ಟು ನೆಟ್ಟಗಿರೋ ಹಲ್ಲು ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಕಣೇ. ಕನ್ನಡಿ ನೋಡಿದ್ರೆ ಯಾರೋ ಬೇರೆಯವರು ನಗ್ತಾರೆ" ಎಂದರು. ಮೇಲಿನ ಎರಡು ಹಲ್ಲುಗಳನ್ನು ಕೊಂಚ ವಾರೆ ಮಾಡಿಕೊಟ್ಟ ಮೇಲೆ ಸಮಾಧಾನವಾಯಿತು. ಹಲ್ಲು ಸೊಟ್ಟ ಮಾಡಿಕೊಡಿ ಎಂದು ನಮ್ಮ ಲ್ಯಾಬಿಗೆ ಇಲ್ಲಿಯವರೆಗೆ ಬಂದ ಗಿರಾಕಿ ಅವರೊಬ್ಬರೇ. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ನೀವು ಇಟ್ಟ ಚಿನಕುರುಳಿ ಎಂಬ ಹೆಸರಿಗೆ ಇನ್ನೂ ಮೋಸ ಮಾಡಿಲ್ಲ, ಮನೆಯ ಮಾತೆಲ್ಲ ಅವಳದೇ.

ಇನ್ನೊಂದು ಸುದ್ದಿ ನನ್ನದು. ನಮ್ಮ ಲ್ಯಾಬನ್ನು ಡಾಕ್ಟರು ಮಾರಿಬಿಟ್ಟರು. ಕೊಂಡವರ ಹತ್ತಿರ ಹಲ್ಲು ಕೆತ್ತುವ ಯಂತ್ರವಿದೆಯಂತೆ. ಮೇಣದಲ್ಲಿ ಹಲ್ಲು ತಿದ್ದುವ ನಮ್ಮಂಥವರಲ್ಲಿ ಇಬ್ಬರನ್ನು ಉಳಿಸಿಕೊಂಡಿದ್ದಾರೆ, ಸಂಬಳ ಕಡಿಮೆ ಮಾಡಿದ್ದಾರೆ, ಹಳೆಯ ಲೆಕ್ಕವನ್ನೆಲ್ಲ ಚುಕ್ತಾ ಮಾಡಿ ಇಡುಗಂಟು ಕೊಟ್ಟಿದ್ದಾರೆ. ಆ ಗಂಟು ಮನೆ ಸಾಲದ ಬಾಕಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಂದಿನಿಂದ ನನಗೆ ನಿದ್ದೆಯಿಲ್ಲ.

ಬ್ಯಾಂಕಿನಲ್ಲಿ ಸಾಲದ ವಿಭಾಗದ ಮೇಡಂ ಒಬ್ಬರಿದ್ದಾರೆ. ಒಳ್ಳೆಯವರು, ಕುರ್ಚಿ ಎಳೆದುಕೊಟ್ಟು ಮಾತಾಡಿಸುತ್ತಾರೆ. "ಪೂರ್ತಿ ಕಟ್ಟಿ ಕೈತೊಳ್ಕೊಳ್ಳಿ. ಹೀಗೇ ಕಂತು ಕಟ್ತಾ ಹೋದ್ರೆ ಇನ್ನೊಂದು ಮನೆಯಷ್ಟು ಬಡ್ಡಿ ನಮಗೇ ಕೊಡ್ತೀರ. ನಾನು ಬ್ಯಾಂಕಿನವಳಾಗಿ ಇದನ್ನ ಹೇಳಬಾರದು" ಎಂದರು. ಲ್ಯಾಬಿನಲ್ಲಿ ನನ್ನ ಪಕ್ಕ ಕೂತು ಹಲ್ಲಿನ ಅಚ್ಚು ಎರೆಯುವ ಪ್ಲಾಸ್ಟರಿನವರು ಅದಕ್ಕೆ ಸುತರಾಂ ಒಪ್ಪುವುದಿಲ್ಲ. "ಇರೋದನ್ನೆಲ್ಲ ಬ್ಯಾಂಕಿಗೆ ಸುರಿದು, ನಾಳೆ ಕೆಲಸ ಹೋದ್ರೆ ಗೋಡೆ ಕೆರ್ಕೊಂಡು ತಿಂತೀರಾ? ದುಡ್ಡು ಕೈಯಲ್ಲಿ ಇಟ್ಕೊಳ್ಳಿ, ಸಾಲ ಅದರ ಪಾಡಿಗೆ ಅದು ನಡೀಲಿ" ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಲೆಕ್ಕವೊಂದೇ ಆಗಿದ್ದರೆ ನಾನು ಒಂದು ಸಂಜೆ ಕೂತು ತೀರ್ಮಾನ ಮಾಡಿ ಮಲಗುತ್ತಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿರುವುದು ಬೇರೆ.

ನಿಮಗೆ ಅರ್ಧ ಗೊತ್ತು. ಪೂರ್ತಿ ಹೇಳುತ್ತೇನೆ.

ನಿಮ್ಮ ತಮ್ಮ ನನ್ನನ್ನೂ ಮಗಳನ್ನೂ ಬಿಟ್ಟು ಮನೆಯಿಂದ ಹೊರಟ ಮಾರನೆಯ ವರ್ಷದಿಂದ ಆ ಸಾಲದ ಖಾತೆಗೆ ತಿಂಗಳ ಮೊದಲ ವಾರ ಒಂದು ಚಿಲ್ಲರೆ ಮೊತ್ತ ಬಂದು ಬೀಳುತ್ತಿದೆ. ದೊಡ್ಡದೇನಲ್ಲ, ಮನೆಗೆ ಒಂದು ತಿಂಗಳ ಹಾಲು ತರಕಾರಿಗೆ ಆಗುವಷ್ಟು. ನಾನು ಕಟ್ಟುವ ಕಂತಿಗೂ ಅದಕ್ಕೂ ಸಂಬಂಧವಿಲ್ಲ. ಯಾರೋ ನಗದು ತುಂಬುವ ಯಂತ್ರದ ಮುಂದೆ ನಿಂತು, ನಮ್ಮ ಸಾಲದ ನಂಬರು ಒತ್ತಿ, ನೋಟು ತುಂಬಿ ಹೋಗುತ್ತಾರೆ. ಒಂದು ಸಲ ಬಸ್ ನಿಲ್ದಾಣದ ಯಂತ್ರ, ಇನ್ನೊಂದು ಸಲ ಯಾವುದೋ ಹೆದ್ದಾರಿ ಪಕ್ಕದ್ದು. ಹೆಸರಿಲ್ಲ. ನನ್ನ ಫೋನಿಗೆ ಸಂದೇಶ ಮಾತ್ರ ಬರುತ್ತದೆ, 'ಅಸಲಿಗೆ ಜಮಾ' ಎಂದು.

ಮೊದಲ ಸಲ ಬಂದಾಗ ಪೊಲೀಸ್ ಠಾಣೆಗೆ ಓಡಿದ್ದೆ. ಕಾಣೆಯಾದವರ ದೂರು ಬರೆದುಕೊಂಡಿದ್ದ ದಫೇದಾರರು ಸಂದೇಶವನ್ನು ಓದಿ ಫೋನನ್ನು ನನ್ನ ಕೈಗೇ ಕೊಟ್ಟರು. "ಮನೆ ಸಾಲಕ್ಕೆ ದುಡ್ಡು ಕಟ್ಟೋರು ಕಾಣೆಯಾದವರ ಲೆಕ್ಕಕ್ಕೆ ಬರಲ್ಲಮ್ಮ. ಬಿಟ್ಟುಹೋದವರ ಲೆಕ್ಕಕ್ಕೆ ಬರ್ತಾರೆ" ಎಂದರು. ಬ್ಯಾಂಕಿನ ಮೇಡಂ ಮಾತ್ರ ಅವರಿವರನ್ನು ಕೇಳಿ ಒಂದು ಯಂತ್ರದ ಕ್ಯಾಮೆರಾ ಚಿತ್ರ ತರಿಸಿಕೊಟ್ಟರು. ಅದರಲ್ಲಿ ಇರುವುದು ಒಂದು ಹೆಲ್ಮೆಟ್ಟು, ಮಳೆ ಅಂಗಿಯ ಎರಡು ಭುಜ. ಅತ್ತೆ ಅದನ್ನು ಕೈಯಲ್ಲಿ ಹಿಡಿದು, "ಇವನೇ. ಹೀಗೇ ಬಗ್ಗೋದು ಇವನು" ಎಂದರು. ಚಿನಕುರುಳಿ ನೋಡಿ, "ಅಜ್ಜಿ, ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ಲರೂ ಹೀಗೇ ಬಗ್ಗೋದು" ಎಂದಳು. ನಾನು ಚಿತ್ರವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಮದುವೆಯಾಗಿ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಭುಜ ಗುರುತು ಸಿಗಲಿಲ್ಲ ಎಂದು ಯಾರ ಮುಂದೆ ಹೇಳಲಿ?

ಅತ್ತಿಗೆ, ತಿಂಗಳ ಮೊದಲ ವಾರ ಈ ಮನೆಯಲ್ಲಿ ಯಾರೋ ಓಡಾಡುತ್ತಿರುತ್ತಾರೆ. ನಗಬೇಡಿ. ಆ ವಾರ ಅತ್ತೆ ಹೊರಬಾಗಿಲ ದೀಪ ಆರಿಸಲು ಬಿಡುವುದಿಲ್ಲ. ಮೆಟ್ಟಿಲ ಮೇಲೆ ಒಣಹಾಕಿದ ಬಟ್ಟೆಯನ್ನು ದಾರಿಗೆ ಅಡ್ಡ ಎಂದು ತೆಗೆಸುತ್ತಾರೆ. ನಾನೂ ಕಡಿಮೆಯಿಲ್ಲ, ಕೆಲಸದಿಂದ ಬಂದವಳು ಮನೆಯೊಳಗೆ ಕಾಲಿಡುವ ಮೊದಲು ಕೂದಲು ಸರಿಮಾಡಿಕೊಳ್ಳುತ್ತೇನೆ. ಫೋನು ಗುಂಯ್ ಎಂದರೆ ಅತ್ತೆ ಕೋಣೆಯಿಂದಲೇ ಕೇಳುತ್ತಾರೆ, "ಬಂದನಾ?" ನಾನು "ಬಂದ ಅತ್ತೆ" ಎನ್ನುತ್ತೇನೆ. ನಮ್ಮ ಮನೆಯಲ್ಲಿ ಆ ದುಡ್ಡು ಬಂತು ಎನ್ನುವುದಿಲ್ಲ, ಬಂದ ಎನ್ನುತ್ತೇವೆ. ಯಾವಾಗ ಹಾಗೆ ಶುರುವಾಯಿತೋ ಗೊತ್ತಿಲ್ಲ. ಮೊನ್ನೆ ಚಿನಕುರುಳಿಯ ಗೆಳತಿಯೊಬ್ಬಳು ಊಟಕ್ಕೆ ಬಂದಿದ್ದಳು. "ಬಂದ" ಎಂದು ನಾನು ಹೇಳಿದ್ದು ಕೇಳಿ ಆ ಹುಡುಗಿ ಪಾಪ ತಟ್ಟೆ ಬಿಟ್ಟು ಎದ್ದುನಿಂತು ಬಾಗಿಲ ಕಡೆ ನೋಡಿದಳು. ನಾವು ಮೂವರೂ ಬಾಗಿಲ ಕಡೆ ನೋಡಿದೆವು.

ಲಿಫ್ಟು ಹತ್ತಿದರೂ ಇದೇ ಪಾಡು. ಲಿಫ್ಟಿನ ಗೋಡೆಗೆ ಒಂದು ಕಾರ್ಡು ಅಂಟಿಸಿರುತ್ತಾರಲ್ಲ, ದುರಸ್ತಿ ಮಾಡಿದ ಮೆಕ್ಯಾನಿಕ್ ಸಹಿ ಹಾಕುವುದು, ಅದನ್ನು ಓದದೆ ನಾನು ಇಳಿಯುವುದಿಲ್ಲ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ನಿಮ್ಮ ತಮ್ಮನ ಜೊತೆಗಾರ ಲಿಫ್ಟಿನ ಗುಂಡಿಗೆ ಬಿದ್ದು ಸತ್ತ ದಿನದಿಂದ ಇವರು ಮಾತು ಬಿಟ್ಟದ್ದು ನಿಮಗೆ ಗೊತ್ತೇ ಇದೆ. ವಿಚಾರಣೆಯಲ್ಲಿ ಇವರ ತಪ್ಪಿಲ್ಲ ಎಂದಾಯಿತು. ಎಲ್ಲರೂ ಒಪ್ಪಿದರು, ಇವರು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು, ಲಿಫ್ಟು ಸರಿಮಾಡಿದರು, ಕಾರ್ಡಿಗೆ ಸಹಿ ಹಾಕಿದರು, ಮನೆಗೆ ಬರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ, ಬದುಕಿರುವವರಿಗಾಗಿ ಅಳಲು ಆಗುವುದಿಲ್ಲ. ನಾನು ಎರಡನ್ನೂ ಅರ್ಧರ್ಧ ಮಾಡುತ್ತಿದ್ದೇನೆ.

ಇಡುಗಂಟಿನ ಸುದ್ದಿ ತಿಳಿದಾಗ ಅತ್ತೆ ಊಟದ ತಟ್ಟೆ ಸರಿಸಿ ಹೇಳಿದರು: "ಸಾಲ ಇದ್ರೆ ತಾನೆ ಅವನು ಬರೋದು. ಸಾಲಾನೇ ಇಲ್ಲ ಅಂದ್ರೆ ಅವನು ಎಲ್ಲಿಗೆ ಬರ್ತಾನೆ?" ಮಗಳು ಅಷ್ಟೇ ಖಾರವಾಗಿ, "ಅಪ್ಪ ಇದ್ರೆ ಬಾಗಿಲಿಗೆ ಬರಲಿ. ಬ್ಯಾಂಕಿಗೆ ಯಾಕೆ ಬರೋದು?" ಎಂದಳು. ಆಮೇಲೆ ಅಜ್ಜಿ ಮೊಮ್ಮಗಳು ಮೂರು ದಿನ ಮಾತಾಡಲಿಲ್ಲ. ಚಿನಕುರುಳಿ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದಳು ಎಂದರೆ ವಿಷಯ ಎಷ್ಟು ಆಳಕ್ಕೆ ಹೋಗಿದೆ ಎಂದು ನಿಮಗೇ ಅಂದಾಜಾದೀತು.

ಈಗ ಅತ್ತೆಗೆ ಕೇಳಿಸಬಾರದ ಮಾತು. ಆ ಸಾಲದ ನಂಬರು ಗೊತ್ತಿರುವುದು ನನಗೆ, ನಿಮ್ಮ ತಮ್ಮನಿಗೆ, ಜಾಮೀನು ಹಾಕಿದ ನಿಮಗೆ. ಆ ದುಡ್ಡು ಬರಲು ಶುರುವಾದದ್ದು ನೀವು ಇಲ್ಲಿ ಬಂದು ನಮ್ಮೊಂದಿಗೆ ಇದ್ದು ಹೋದ ಮೇಲೆ. ನಾನು ಅಡುಗೆಮನೆಯಲ್ಲಿ ಕುಸಿದು ಕೂತದ್ದನ್ನು ನೀವು ಕಣ್ಣಾರೆ ನೋಡಿ ಹೋದಿರಿ, ಆ ತಿಂಗಳಿಂದಲೇ ದುಡ್ಡು ಶುರು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಿಮಗೆ ಯಾರಿಗೆ ಯಾವ ಮದ್ದು ಎಷ್ಟು ಕೊಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅತ್ತಿಗೆ, ಅದು ನೀವಾ?

ಹೌದು ಎಂದು ಬರೆದರೆ ಸಾಲ ತೀರಿಸಿ ಮನೆ ಪತ್ರ ಬಿಡಿಸಿಕೊಳ್ಳುತ್ತೇನೆ. ಅಲ್ಲ ಎಂದು ಬರೆದರೆ ಎಷ್ಟು ಬಡ್ಡಿ ತಿಂದರೂ ತಿನ್ನಲಿ, ಆ ಖಾತೆಯನ್ನು ಕೊನೆಯವರೆಗೂ ತೆರೆದಿಡುತ್ತೇನೆ. ನನಗೆ ಈ ಮನೆ ಬೇಕು, ಈ ಮೊದಲ ವಾರ ಸಾಕಾಗಿದೆ. ಆದರೆ ಅವರು ಹಿಡಿದಿರುವ ಎಳೆ ಅದೊಂದೇ ಆಗಿದ್ದರೆ ನಾನು ಕತ್ತರಿಸಲಾರೆ. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಉತ್ತರ ಕೂಡಲೇ ಬರೆಯಿರಿ. ಕಾಲಿನ ಊತಕ್ಕೆ ಕೂತಾಗ ಸ್ಟೂಲು ಇಟ್ಟುಕೊಳ್ಳಿ, ಬೇರೆಯವರಿಗೆ ಹೇಳುವುದನ್ನು ನೀವೂ ಸ್ವಲ್ಪ ಮಾಡಿ.

ಇತಿ,
ನಿಮ್ಮ ಮುಂಗೋಪಿ

*

ಮಾರ್ಚ್ 4

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ನಿಮ್ಮ ಪತ್ರ ನಿನ್ನೆ ಬಂತು. ಅರ್ಧ ಹಾಳೆ. ನನಗೆ ನೀವು ಬರೆದ ಪತ್ರಗಳಲ್ಲೇ ಇದು ಚಿಕ್ಕದು, ಕಾಲಿನ ಬಗ್ಗೆ ಒಂದು ಸಾಲೂ ಇಲ್ಲ. 'ಹೌದು, ನಾನೇ. ಪಕ್ಕದ ಔಷಧಿ ಅಂಗಡಿಯವನು ಸರಕು ತರಲು ಊರೂರು ತಿರುಗುತ್ತಾನೆ, ಅವನ ಕೈಯಲ್ಲಿ ಹಾಕಿಸುತ್ತಿದ್ದೆ. ಇನ್ನು ಹಾಕಬೇಡ ಎಂದು ಹೇಳುತ್ತೇನೆ. ನೀನು ಸಾಲ ತೀರಿಸು.' ಇಷ್ಟೇ. ಈ ತಿಂಗಳ ದುಡ್ಡು ನಿಮ್ಮ ಪತ್ರಕ್ಕಿಂತ ಮೊದಲೇ ಬಂದು ಬಿದ್ದಾಗಿತ್ತು. ಹೆಲ್ಮೆಟ್ಟು ಯಾರದೆಂದು ಈಗ ಗೊತ್ತಾಯಿತು. ಆ ಔಷಧಿ ಅಂಗಡಿಯವರ ಭುಜವನ್ನು ನೋಡುತ್ತಾ ನಾನು ಎಷ್ಟು ಹೊತ್ತು ಕಳೆದಿದ್ದೇನೆ ಎಂದು ಅವರಿಗೆ ತಿಳಿದರೆ ಅವರ ಹೆಂಡತಿ ನನ್ನನ್ನು ಬಿಡುವುದಿಲ್ಲ.

ಓದಿ, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಎಷ್ಟೋ ಕಾಲದಿಂದ ಅರ್ಧರ್ಧ ಉಳಿಸಿಕೊಂಡದ್ದೆಲ್ಲ ಒಟ್ಟಿಗೆ ಬಂತು. ಹೊರಗಿನಿಂದ ನಿಮ್ಮ ಅಮ್ಮ, "ನೀರು ಸುಮ್ಮನೆ ಹೋಗ್ತಿದೆ ನೋಡೇ" ಎಂದು ಕೂಗಿದರು. ಆಮೇಲೆ ನಿಮ್ಮ ಮೇಲೆ ಕೆಂಡದಂಥ ಕೋಪ ಬಂತು. ಪಿಂಚಣಿಯಲ್ಲಿ ಮಾತ್ರೆಗೂ ಬಾಡಿಗೆಗೂ ಸರಿಹೋಗುವ ನೀವು ಪ್ರತಿ ತಿಂಗಳು ಹೀಗೆ ಮಾಡಿದಿರಲ್ಲ. ನನಗೆ ಗಂಡ ಬದುಕಿದ್ದಾನೆ ಎಂದು ಅನ್ನಿಸಲಿ ಎಂದು ನೀವು ಹೊಟ್ಟೆಗೆ ಕಡಿಮೆ ಮಾಡಿಕೊಂಡಿರಾ? ಕೋಪ ಇಳಿದ ಮೇಲೆ ಉಳಿದದ್ದನ್ನು ಏನೆಂದು ಬರೆಯಲಿ. ಯಾರಾದರೂ ಕೇಳಿದರೆ ನನಗೆ ಒಡಹುಟ್ಟಿದವರಿಲ್ಲ ಎಂದು ಇನ್ನು ಮೇಲೆ ಹೇಳುವುದಿಲ್ಲ.

ಅವರು ಇಲ್ಲ ಎಂದು ಇಂದಿನಿಂದ ಅಂದುಕೊಳ್ಳಲು ಕಲಿಯುತ್ತಿದ್ದೇನೆ. ಕೆಲಸದಲ್ಲಿ ಕೂತಾಗ ಮನಸ್ಸಿನಲ್ಲೇ ಒಂದೆರಡು ಸಲ ಹೇಳಿನೋಡಿದೆ. ಬಾಯಿ ಬಿಟ್ಟು ಹೇಳಿಲ್ಲ.

ಈ ತಿಂಗಳ ಕೊನೆಯೊಳಗೆ ಸಾಲ ತೀರಿಸುತ್ತೇನೆ. ಮನೆ ಖರ್ಚಿಗೆ ಮೂರು ತಿಂಗಳಿಗಾಗುವಷ್ಟು ತೆಗೆದಿಡುತ್ತೇನೆ, ಪ್ಲಾಸ್ಟರಿನವರು ಗೋಡೆ ಕೆರೆಯುವ ಮಾತಾಡಿ ನನ್ನನ್ನು ಹೆದರಿಸಿಬಿಟ್ಟಿದ್ದಾರೆ. ಕಡಿಮೆ ಬಿದ್ದರೆ ನನ್ನ ಬಳೆಗಳಿವೆ. ನಿಮ್ಮ ಜಾಮೀನೂ ಬಿಡುಗಡೆಯಾಗುತ್ತದೆ. ಅತ್ತೆಗೆ ನಿಮ್ಮ ವಿಷಯ ಹೇಳುವುದಿಲ್ಲ. ಮಗನಿಗಾಗಿ ಹೊರಗಿನ ದೀಪ ಹಚ್ಚಿಟ್ಟವರಿಗೆ ಅದು ಔಷಧಿ ಅಂಗಡಿಯವರು ಎಂದು ಯಾವ ಬಾಯಲ್ಲಿ ಹೇಳಲಿ.

ನಿಮ್ಮ,
ಮುಂಗೋಪಿ

*

ಏಪ್ರಿಲ್ 11

ಪ್ರೀತಿಯ ಅತ್ತಿಗೆಗೆ,

ನಮಸ್ಕಾರಗಳು. ಈ ಸಲವೂ ತಡವಾಯಿತು, ಆದರೆ ಒಳ್ಳೆಯ ಸುದ್ದಿಯ ಜೊತೆ ಬರೆಯೋಣ ಎಂದು ಕಾದೆ. ಸಾಲ ತೀರಿತು. ಮನೆ ನಮ್ಮದಾಯಿತು. ಇವತ್ತು ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಮನೆ ಪತ್ರ ತರಬೇಕು, ಹೋಗುವ ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ.

ತೀರಿಸಿದ ದಿನ ಚಿನಕುರುಳಿಯೂ ಜೊತೆಗೆ ಬಂದಿದ್ದಳು. ನಾನು ಏನೋ ದೊಡ್ಡದಾಗಿ ಆಗುತ್ತದೆ ಎಂದುಕೊಂಡಿದ್ದೆ. ಮೇಡಂ ಒಂದು ಗುಂಡಿ ಒತ್ತಿದರು, ಮುದ್ರಣದ ಯಂತ್ರ ಒಂದು ಹಾಳೆ ಹೊರಗೆ ಹಾಕಿತು, ಮುಗಿಯಿತು. ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಾಗ ಮಗಳು ನನ್ನ ಕೈ ಹಿಡಿದುಕೊಂಡಳು. "ಅಮ್ಮ, ಈಗ ಅಪ್ಪ ಇಲ್ಲ ಅಂತ ತಿಳ್ಕೋಬೇಕಾ?" ಎಂದಳು. ಇಷ್ಟು ದಿನ ಬಾಗಿಲಿಗೆ ಬರಲಿ ಎಂದು ಜೋರು ಮಾಡುತ್ತಿದ್ದವಳು. ನಾನು ಹೂಂ ಎಂದೆ. ದಾರಿಯುದ್ದಕ್ಕೂ ಇಬ್ಬರೂ ಹಲ್ಲಿನ ವಿಷಯ, ಪರೀಕ್ಷೆಯ ವಿಷಯ ಮಾತಾಡಿದೆವು.

ಮನೆಗೆ ಬಂದಾಗ ಒಂದು ಅನಾಹುತವಾಯಿತು. ಅತ್ತೆ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದರು. ಚಿನಕುರುಳಿ ಚಪ್ಪಲಿ ಬಿಡುತ್ತಲೇ, "ಅಜ್ಜಿ, ತೀರಿತು, ಎಲ್ಲಾ ತೀರಿತು" ಎಂದಳು. ಅತ್ತೆ ಬೆಚ್ಚಿ ಕಣ್ಣು ಬಿಟ್ಟರು. ಅಳಲಿಲ್ಲ, ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು, "ಎಲ್ಲಿ ಸಿಕ್ಕಿದ?" ಎಂದು ಕೇಳಿದರು.

ನಿದ್ದೆಗಣ್ಣಲ್ಲಿ ಅವರಿಗೆ ಮಗ ತೀರಿಹೋದ ಎಂದು ಕೇಳಿಸಿತ್ತು ಎಂದು ನಮಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಗಳು ಹೋಗಿ ಅವರ ಕಾಲ ಬಳಿ ಕೂತಳು. "ಸಾಲ ಅಜ್ಜಿ, ಸಾಲ ತೀರಿತು" ಎಂದು ಎಷ್ಟು ಸಲ ಹೇಳಿದಳೋ. ಅತ್ತೆ, "ಓ, ಸಾಲ" ಎಂದು ನೀರು ತರಿಸಿಕೊಂಡು ಕುಡಿದರು. ಮಗಳು ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ನಿನ್ನ ಹತ್ರ ಒಂದು ಮಾತು ಹೇಳ್ತೀನಿ. ತಿಂಗಳು ತಿಂಗಳು ನೀನು ಹಾಕ್ತಿದ್ದ ದುಡ್ಡು, ಇನ್ನು ಹಾಕೋದು ಬೇಡ. ನನಗೋಸ್ಕರ ಇಷ್ಟು ದಿನ ಮಾಡಿದೆಯಲ್ಲ, ಸಾಕು" ಎಂದರು.

"ನಾನಾ ಅತ್ತೆ?"

"ಇನ್ಯಾರು. ನಿನ್ನ ಕೈಲಿ ಸಂಬಳ ನಿಲ್ತಿರಲಿಲ್ಲ, ನನಗೆ ಗೊತ್ತಾಗಲ್ವಾ? ಅವನು ಹೋದ ವರ್ಷಾನೇ ನನ್ನ ಹೊಟ್ಟೆಗೆ ಗೊತ್ತಾಗಿತ್ತು, ಇಲ್ಲ ಅಂತ."

"ಮತ್ತೆ ಬಂದನಾ ಬಂದನಾ ಅಂತ ಕೇಳ್ತಿದ್ರಲ್ಲ?"

"ನಾನು ಕೇಳ್ದೆ ಇದ್ರೆ ನೀನು ಬಂದ ಅಂತ ಹೇಗೆ ಹೇಳ್ತಿದ್ದೆ? ಅದನ್ನ ಹೇಳುವಾಗ ನಿನ್ನ ಮುಖ ನೋಡ್ಬೇಕಿತ್ತು ನೀನು."

ಅತ್ತಿಗೆ, ಅವರು ನನಗೋಸ್ಕರ ಕೇಳುತ್ತಿದ್ದರು, ನಾನು ಅವರಿಗೋಸ್ಕರ ಹೇಳುತ್ತಿದ್ದೆ, ನೀವು ಇಬ್ಬರಿಗೋಸ್ಕರ ಕಟ್ಟುತ್ತಿದ್ದಿರಿ. ದೀಪ ಹಚ್ಚಿದ್ದು, ಬಟ್ಟೆ ತೆಗೆಸಿದ್ದು, ಎಲ್ಲ ನಾಟಕವಂತೆ. ನಿಮ್ಮ ಅಮ್ಮ ಇಷ್ಟು ಚೆನ್ನಾಗಿ ಅಭಿನಯ ಮಾಡುತ್ತಾರೆ ಎಂದು ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ತಿಳಿಯಲಿಲ್ಲ. ನಾನು ಅವರ ಮಡಿಲಲ್ಲಿ ತಲೆಯಿಟ್ಟೆ. ಇಬ್ಬರೂ ಮನಸಾರೆ ಅತ್ತೆವು. ನಡುವೆ ಅವರು ಹೊಸ ಹಲ್ಲು ಜಾರುತ್ತದೆಂದು ತೆಗೆದು ಸೆರಗಿನಲ್ಲಿಟ್ಟುಕೊಂಡರು. ಅದನ್ನು ನೋಡಿ ಇಬ್ಬರಿಗೂ ನಗು ಬಂತು. ನೀವು ಕಟ್ಟಿದ್ದು ಎಂದು ನಾನು ಹೇಳಲಿಲ್ಲ. ಆ ಪುಣ್ಯ ನನ್ನ ಹೆಸರಿನಲ್ಲೇ ಇರಲಿ ಬಿಡಿ, ನಿಮ್ಮ ಹತ್ತಿರ ಬೇಕಾದಷ್ಟಿದೆ.

ಈ ತಿಂಗಳ ಮೊದಲ ವಾರ ಫೋನು ಸುಮ್ಮನಿತ್ತು. ಹೊರಗಿನ ದೀಪವನ್ನು ಮಲಗುವ ಮುಂಚೆ ಆರಿಸಿದೆ. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಪಕ್ಕದ ಮನೆಯವರು ಪಾತ್ರೆ ಜೋಡಿಸುವುದು ಕೇಳುತ್ತಿತ್ತು. ಇದು ಸಮಾಧಾನವೇ ಇರಬೇಕು, ನನಗೆ ಗುರುತು ಸಿಗುತ್ತಿಲ್ಲ ಅಷ್ಟೇ. ಮುಂದಿನ ಕೋಣೆಗೆ ಸುಣ್ಣ ಬಳಿಸಬೇಕೆಂದಿದ್ದೇನೆ. ಅದು ಇನ್ನು ನಿಮ್ಮ ಕೋಣೆ. ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದುಬಿಡಿ. ನಿಮ್ಮ ಕಾಲು, ನಿಮ್ಮ ಕಿವಿ, ನಿಮ್ಮ ಅಮ್ಮನ ಹಲ್ಲು, ಎಲ್ಲವೂ ಒಂದೇ ಕಡೆ ಇದ್ದರೆ ನನಗೂ ನೋಡಿಕೊಳ್ಳಲು ಅನುಕೂಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಚಿನಕುರುಳಿಯ ಪರೀಕ್ಷೆಗೆ ನಿಮ್ಮ ಆಶೀರ್ವಾದವಿರಲಿ, ನನ್ನ ತಲೆಯ ಮೇಲೂ ಒಂದು ಕೈ ಇಡಿ. ಔಷಧಿ ಅಂಗಡಿಯವರಿಗೆ ನನ್ನ ಕೃತಜ್ಞತೆ ಹೇಳಿ. ನೀವು ನೂರು ಕಾಲ ಚೆನ್ನಾಗಿರಬೇಕು.

ಇತಿ,
ನಿಮ್ಮ ಮುಂಗೋಪಿ

ತಾ.ಕ.: ಅಂಚೆಗೆ ಹಾಕಲಿಲ್ಲ. ಅಂಚೆ ಕಚೇರಿಯ ಮುಂದೆ ಉದ್ದ ಸಾಲಿತ್ತು, ಮೊದಲು ಬ್ಯಾಂಕಿಗೆ ಹೋಗಿಬರೋಣ ಎಂದು ಹೋದೆ. ಈಗ ಮನೆಗೆ ಬಂದು ಮತ್ತೆ ತೆರೆದು ಬರೆಯುತ್ತಿದ್ದೇನೆ.

ಮೇಡಂ ಮನೆ ಪತ್ರಗಳನ್ನು ಎಣಿಸಿ ಕೊಡುತ್ತಾ ನಗುತ್ತಾ ಹೇಳಿದರು: "ತೀರಿದ ಸಾಲಕ್ಕೂ ದುಡ್ಡು ಕಟ್ಟೋಕೆ ಬರೋ ಜನ ಈ ಕಾಲದಲ್ಲೂ ಇದ್ದಾರೆ ನೋಡಿ. ಮೊನ್ನೆ ಬೇರೆ ಊರಿನ ನಮ್ಮ ಶಾಖೆಯಿಂದ ಫೋನ್ ಬಂದಿತ್ತು. ನಿಮ್ಮ ನಂಬರಿಗೆ ಯಾರೋ ಹಾಕೋಕೆ ಹೋದರಂತೆ, ಯಂತ್ರ ನೋಟು ವಾಪಸ್ ಕೊಟ್ಟಿದೆ, ಅವರು ಒಳಗೆ ಕೌಂಟರಿಗೆ ಬಂದು ಯಾಕೆ ಅಂತ ಕೇಳಿದ್ದಾರೆ."

ನಿಮ್ಮ ಔಷಧಿ ಅಂಗಡಿಯವರಿಗೆ ನೀವು ಹೇಳಲು ಮರೆತಿರಬೇಕು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಆದರೂ ಆ ಕೌಂಟರಿನವರ ಜೊತೆ ಮಾತಾಡಬಹುದೇ ಎಂದು ಕೇಳಿದೆ. ಮೇಡಂ ಫೋನ್ ಹಚ್ಚಿ ಕೊಟ್ಟರು. ಆ ಕಡೆ ಎಳೆಯ ದನಿಯ ಹುಡುಗಿ. ಬಂದವರು ಐವತ್ತರ ಆಸುಪಾಸಿನವರಂತೆ, ತೆಳ್ಳಗಿದ್ದರಂತೆ. ಬೆರಳಿಗೆಲ್ಲ ಗ್ರೀಸ್ ಹತ್ತಿತ್ತು, ಗಾಜಿಗೆ ಕೈ ತಾಗದ ಹಾಗೆ ನಿಂತಿದ್ದರು ಎಂದಳು.

"ಈ ಸಾಲ ಪೂರ್ತಿ ಕಟ್ಟಿಯಾಗಿದೆ ಸರ್ ಅಂದೆ. ಯಾರು ಕಟ್ಟಿದ್ರು ಅಂತ ಕೇಳಿದ್ರು. ಜಂಟಿ ಸಾಲದಲ್ಲಿ ಇನ್ನೊಬ್ಬರು ಮೇಡಂ ಇದ್ದಾರಲ್ಲ, ಅವರು ಅಂದೆ. ಒಬ್ರೇನಾ ಅಂದ್ರು. ಹೌದು ಸರ್ ಅಂದೆ. ನೋಟನ್ನೆಲ್ಲ ಮಡಚಿ ಜೇಬಿಗೆ ಹಾಕ್ಕೊಂಡ್ರು. ಹಾಗಾದ್ರೆ ಇನ್ನು ನನ್ನಿಂದ ಏನೂ ಬೇಕಾಗಿಲ್ಲ ಅಲ್ವಾ ಅಂತ ಕೇಳಿದ್ರು. ಏನೂ ಬೇಕಾಗಿಲ್ಲ ಸರ್ ಅಂದೆ. ಸರಿ ಅಂತ ಹೋದ್ರು. ಹೆಸರು ಕೇಳಬೇಕಿತ್ತಾ ಮೇಡಂ?"

ನಾನು ಇಲ್ಲಮ್ಮ ಎಂದೆ. ಆ ಮಗುವಿನ ತಪ್ಪೇನಿದೆ.

ಅತ್ತಿಗೆ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಯಾಕೆ ಹೌದು ಎಂದಿರಿ ಎಂದು ಗೊತ್ತು. ನನ್ನ ಪತ್ರವನ್ನು ಕೈಯಲ್ಲಿ ಹಿಡಿದು, ಇವಳಿಗೆ ಇನ್ನಾದರೂ ನಿದ್ದೆ ಬರಲಿ ಎಂದುಕೊಂಡಿರಿ. ಅರ್ಧ ಹಾಳೆ ಯಾಕೆ ಆಯಿತು ಎನ್ನುವುದು ಈಗ ತಿಳಿಯುತ್ತಿದೆ. ನಿಮ್ಮ ತಮ್ಮ ಬದುಕಿದ್ದಾರೆ. ಅಳಬೇಡಿ, ಅಥವಾ ಅಳಿ. ನಾವು ಮೂವರು ಹೆಂಗಸರು ಒಬ್ಬರನ್ನೊಬ್ಬರು ಕಾಪಾಡುತ್ತಾ ಅವರನ್ನು ಹೊರಗಟ್ಟಿದೆವು. ಮನೆ ಬಾಗಿಲಿಗೆ ಬರುವ ಧೈರ್ಯ ಅವರಿಗೆ ಇರಲಿಲ್ಲ. ಆ ನಂಬರಿನವರೆಗೆ ಬರುವಷ್ಟು ಇತ್ತು. ನಾಳೆ ಮೊದಲ ಬಸ್ಸಿಗೆ ಆ ಊರಿಗೆ ಹೋಗುತ್ತೇನೆ. ಹೋಗಿ ಯಾರನ್ನು ಏನೆಂದು ಕೇಳಬೇಕೋ ತಿಳಿಯದು. ಅತ್ತೆಗೆ ಏನು ಹೇಳಬೇಕೆಂದೂ ತಿಳಿಯದು, ಹೊರಗಿನ ದೀಪವನ್ನು ಮಾತ್ರ ಹಚ್ಚಿದ್ದೇನೆ.

ಬ್ಯಾಂಕಿನಿಂದ ಎದ್ದು ಬರುವ ಮೊದಲು ಮೇಡಂ ಅವರನ್ನು ಕೇಳಿದೆ, ಈ ಸಾಲವನ್ನು ಮತ್ತೆ ತೆರೆಯಬಹುದೇ ಎಂದು. ಅವರು ನನ್ನ ಮುಖ ನೋಡಿ ಮನೆ ಪತ್ರಗಳನ್ನು ಪಕ್ಕಕ್ಕಿಟ್ಟರು. "ಅದೇ ಮನೆ ಅಡ ಇಟ್ರೆ ಎಷ್ಟು ಬೇಕಾದ್ರೂ ಸಾಲ ಕೊಡ್ತೀವಿ. ಆದರೆ ನಂಬರು ಬೇರೆ ಬರುತ್ತೆ" ಎಂದರು.